ಷಡಕ್ಷರಪ್ಪನವರ ಪರಸ್ಥಾನ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಷಡಕ್ಷರಪ್ಪನವರು ನಾನಿದ್ದ ಮನೆಯ ಮಾಲೀಕರು. ಅವರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಾನು ಬಾಡಿಗೆಗಿದ್ದೆ, ಮಿಡಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಬಾಡಿಗೆದಾರನಾದವನು ಮಾಲೀಕರ ಬಗ್ಗೆ ಒಳ್ಳೆಯ ಮಾತು ಬರೆಯುವುದು ಅಪರೂಪ. ನಾನು ಬರೆಯುತ್ತೇನೆ: ಅವರಷ್ಟು ಸಾಧು ಮನುಷ್ಯರನ್ನು ನಾನು ಕಂಡಿಲ್ಲ. ಆ ಸಾಧುತನವನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು ಎನ್ನುವುದನ್ನೂ ಬರೆಯುತ್ತೇನೆ.

ವಯಸ್ಸು ಐವತ್ತರ ಹತ್ತಿರ. ಕಿವಿಯ ಮೇಲೆ ನರೆ ಬಂದಿತ್ತು, ಹೊಟ್ಟೆ ಪಂಚೆಯ ಮೇಲೆ ಬಂದಿತ್ತು. ಮಂಡಿಯಲ್ಲಿ ಹತ್ತಾರು ಆಳುಗಳು "ಯಜಮಾನ್ರೇ" ಎನ್ನುತ್ತಿದ್ದರು. ಆದರೆ ಯಾರು ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದ ಉತ್ತರ ಒಂದೇ: "ಅವ್ವನ್ನ ಕೇಳಿ ಹೇಳ್ತೀನಿ." ಈ ವಾರ ಸರಕು ಕಳಿಸೋಣವೋ ಬೇಡವೋ? ಅವ್ವನ್ನ ಕೇಳಿ ಹೇಳ್ತೀನಿ. ಮಗಳನ್ನು ಹೈಸ್ಕೂಲಿಗೆ ಸೇರಿಸುತ್ತೀರಾ? ಅವ್ವನ್ನ ಕೇಳಿ ಹೇಳ್ತೀನಿ. ಹೆಣ್ಣು ನೋಡಲು ಹೋದ ದಿನ, ಹುಡುಗಿ ಒಪ್ಪಿಗೆಯಾದಳೇ ಎಂದು ಹೆಣ್ಣಿನ ಕಡೆಯವರು ಕೇಳಿದ್ದಕ್ಕೂ ಇದನ್ನೇ ಹೇಳಿದರಂತೆ. ಹೀಗೆಂದು ನನಗೆ ತಿಳಿಸಿದವರು ಅವರ ಹೆಂಡತಿ ಸುವರ್ಣಮ್ಮನವರು. ನಗುತ್ತಲೇ ಹೇಳಿದರು, ಆದರೆ ಒಂದೇ ಸಲ ಹೇಳಿ ಬಿಡಲಿಲ್ಲ. ಅರವತ್ತೆರಡರ ಚುನಾವಣೆಯಲ್ಲಂತೂ ಮತಪತ್ರ ಕೈಗೆ ಬಂದ ಮೇಲೆ ಷಡಕ್ಷರಪ್ಪನವರು ಅದನ್ನು ಹಿಡಿದುಕೊಂಡೇ ಮನೆಯ ಕಡೆ ಹೊರಟುಬಿಟ್ಟಿದ್ದರು. ಬಾಗಿಲಲ್ಲಿದ್ದ ಪೊಲೀಸಿನವನು ತಡೆದು ಒಳಗೆ ಕಳಿಸಿದ. ಅವತ್ತು ಯಾರಿಗೆ ಮುದ್ರೆ ಒತ್ತಿದರೋ, ಆ ವಿಷಯ ಬಂದರೆ ಈಗಲೂ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು.

ಆ ಅವ್ವ ಎಂದರೆ ಗುರುಸಿದ್ದಮ್ಮನವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಗಂಡ ತೀರಿಕೊಂಡಾಗ ಷಡಕ್ಷರಪ್ಪ ಕಂಕುಳಲ್ಲಿದ್ದ ಕೂಸು. ಕಣಕಟ್ಟೆಯ ತೆಂಗಿನ ತೋಟವನ್ನು ದಾಯಾದಿಗಳ ಬಾಯಿಂದ ಬಿಡಿಸಿಕೊಂಡು, ಅರಸೀಕೆರೆಯಲ್ಲಿ ಮಂಡಿ ಕಟ್ಟಿ, ಮಗನನ್ನು ಮನುಷ್ಯನನ್ನಾಗಿ ಮಾಡಿದವರು. ಕೊನೆಯ ಕೆಲಸ ಮಾತ್ರ ಅರ್ಧಕ್ಕೆ ನಿಂತಿತ್ತು ಎಂದು ನನ್ನ ಅಭಿಪ್ರಾಯ. ಮಗ ಬಂದು ಎದುರು ನಿಂತು ಏನಾದರೂ ಕೇಳಿದರೆ ಅವರು ಸ್ವಲ್ಪ ಹೊತ್ತು ಅವನ ಮುಖ ನೋಡುತ್ತಿದ್ದರು. ಆಮೇಲೆ ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆಸುತ್ತಿದ್ದರು. ಅವರಿಗೆ ಓದು ಬಾರದು, ಆದ್ದರಿಂದ ಗೋಡೆಯಾಚೆಯಿಂದ "ಮೇಷ್ಟ್ರೇ" ಎಂದು ನನಗೆ ಕರೆ ಬರುತ್ತಿತ್ತು. ನಾನು ಹೋಗಿ ಓದುತ್ತಿದ್ದೆ. ಅವರು "ಹೂಂ, ಮಾಡು" ಎನ್ನುತ್ತಿದ್ದರು, ಇಲ್ಲವೇ "ಈಗ ಬ್ಯಾಡ" ಎನ್ನುತ್ತಿದ್ದರು. ಷಡಕ್ಷರಪ್ಪನವರು ಎರಡಕ್ಕೂ ಒಂದೇ ಸಮನೆ ಸಂತೋಷಪಡುತ್ತಿದ್ದರು.

ಇಂಥವರಿಗೆ ಅರವತ್ನಾಲ್ಕರ ಮಾಘ ಮಾಸದಲ್ಲಿ ಮೋಟಾರ್ ಸೈಕಲ್ಲಿನ ಹುಚ್ಚು ಹತ್ತಿತು.

ಹುಚ್ಚು ಹೊಸದಲ್ಲವಂತೆ. ಹದಿನೈದು ವರ್ಷದ ಹುಡುಗನಾಗಿದ್ದಾಗ ಅವರು ರೈಲ್ವೆ ಸ್ಟೇಷನ್ನಿನ ಮುಂದೆ ಒಬ್ಬ ಕಾಫಿ ತೋಟದ ಸಾಹೇಬನನ್ನು ನೋಡಿದ್ದರು. ಆ ಸಾಹೇಬ ಸಿಗರೇಟು ಬಿಸಾಡಿ, ಮೋಟಾರ್ ಸೈಕಲ್ಲಿಗೆ ಒಂದು ಒದೆ ಕೊಟ್ಟು, ಧೂಳೆಬ್ಬಿಸಿ ಹೊರಟುಹೋದ. "ಯಾರನ್ನೂ ಕೇಳ್ಲಿಲ್ಲ ಕಣ್ರೀ ಮೇಷ್ಟ್ರೇ. ಒದ್ದ, ಹೋದ," ಎಂದು ನನಗೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆಸೆ ಅದೊಂದೇ ಇರಬೇಕು.

ಗಾಡಿ ಮಾರುವವನು ಬೇಲೂರಿನ ಪಾರ್ಥಸಾರಥಿ. ಅಣ್ಣತಮ್ಮಂದಿರು ದೇವಸ್ಥಾನದ ಕೈಂಕರ್ಯ ನೋಡಿಕೊಂಡರೆ ಈತ ಊರೂರು ಸುತ್ತಿ ಜನಕ್ಕೆ ಸಾವಿನ ಹೆದರಿಕೆ ಹುಟ್ಟಿಸುವ ವಿಮಾ ಏಜೆಂಟು. ಜೊತೆಗೆ ಸುತ್ತಮುತ್ತಲಿನ ತಾಲೂಕುಗಳ ಮೋಟಾರ್ ಸೈಕಲ್ ಸವಾರರ ಸಂಘಕ್ಕೆ ಕಾರ್ಯದರ್ಶಿ. ಕಾರು ಕೊಳ್ಳುವ ಯೋಗ ಬಂದದ್ದರಿಂದ ಮೋಟಾರ್ ಸೈಕಲ್ಲನ್ನು ಮಾರಲು ಹೊರಟಿದ್ದ. ಗಾಡಿ ಕಡುಕೆಂಪು ಬಣ್ಣದ್ದು, ಮಂಡಿಯ ಮುಂದೆ ಬಂದು ನಿಂತಾಗ ಹಮಾಲರೆಲ್ಲ ಮೂಟೆ ಇಳಿಸಿ ನೋಡಲು ಬಂದರು.

ಷಡಕ್ಷರಪ್ಪನವರು ತಮಗೆ ಗೊತ್ತಿದ್ದ ರೀತಿಯಲ್ಲೇ ಅದನ್ನು ಪರೀಕ್ಷೆ ಮಾಡಿದರು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಟಲೊಟ ಎನ್ನಬೇಕು. ಹಾಗೆಂದರೆ ಸರಕು ಒಳ್ಳೆಯದು. ಅವರು ಬಗ್ಗಿ ಪೆಟ್ರೋಲ್ ಟ್ಯಾಂಕಿಗೆ ಕಿವಿಯಿಟ್ಟು ಗಾಡಿಯನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿದರು. ಒಳಗೆ ಲೊಟಲೊಟ ಎಂದಿತು. "ಚೆನ್ನಾಗೈತೆ," ಎಂದರು.

ಪಾರ್ಥಸಾರಥಿ ಮುಖ ಗಂಭೀರವಾಗಿಟ್ಟುಕೊಂಡ. "ಒಂದು ವಾರ ಇಟ್ಕೊಂಡು ಟ್ರಯಲ್ ನೋಡಿ ಸ್ವಾಮಿ. ಬರೋ ಭಾನುವಾರ ನಮ್ಮ ಸಂಘದ ರ‍್ಯಾಲಿ ಇದೆ. ಇಲ್ಲಿಂದ ಬಾಣಾವರ, ಜಾವಗಲ್ಲು, ಹಳೇಬೀಡು, ಬೇಲೂರು. ನೀವೂ ಇದೇ ಗಾಡೀಲಿ ಬನ್ನಿ. ಹಳೇಬೀಡಲ್ಲಿ ಊಟ. ಅಲ್ಲಿ ಹೂಂ ಅಂತಾದ್ರೂ ಅನ್ನಿ, ಊಹೂಂ ಅಂತಾದ್ರೂ ಅನ್ನಿ. ಚಿಕ್ಕಮಗಳೂರಿನೋರೊಬ್ರು ಕಾಯ್ತಿದಾರೆ. ಅವರೂ ಅಲ್ಲಿಗೇ ಬರ್ತಾರೆ. ಅಲ್ಲಿಂದ ಮುಂದಕ್ಕೆ ನಾನು ಕಾಯೋದಕ್ಕಾಗಲ್ಲ."

ಆ ವಾರದ ಟ್ರಯಲ್ಲನ್ನು ಇಡೀ ಅರಸೀಕೆರೆ ನೋಡಿತು. ಬೆಳಿಗ್ಗೆ ವರ್ಕ್‌ಶಾಪಿನವನೊಬ್ಬ ಬಂದು ಗಾಡಿ ಸ್ಟಾರ್ಟ್ ಮಾಡಿ ಹಿಡಿದುಕೊಳ್ಳುತ್ತಿದ್ದ. ಷಡಕ್ಷರಪ್ಪನವರು ಹಣೆಗೆ ವಿಭೂತಿ ಧರಿಸಿ, ಪಂಚೆಯನ್ನು ಕಚ್ಚೆ ಹಾಕಿ ಹತ್ತುತ್ತಿದ್ದರು. ರೈಲ್ವೆ ಗೇಟಿನವರೆಗೆ ಹೋಗಿ ಬರುವುದು. ಗೇಟು ಹಾಕಿದ್ದರೆ ನಿಲ್ಲಿಸಲು ಬಾರದೆ, ಗೂಡ್ಸ್ ಗಾಡಿ ಹೋಗುವ ತನಕ ಗೇಟಿನ ಮುಂದೆ ಗುಂಡಗೆ ಸುತ್ತುತ್ತಿದ್ದರು. ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾಡಿಗಳ ಉದ್ದ ಬಲ್ಲವರಿಗೆ ಅವರ ಕಷ್ಟ ಅರ್ಥವಾಗುತ್ತದೆ. ಮಂಡಿಗೆ ವಾಪಸು ಬಂದ ಕೂಡಲೇ "ಹಿಡ್ಕಳ್ರೋ!" ಎಂದು ಕೂಗುತ್ತಿದ್ದರು. ಹಮಾಲರು ಹಿಡಿಯುತ್ತಿದ್ದರು, ವರ್ಕ್‌ಶಾಪಿನವನು ಎಂಜಿನ್ ಆರಿಸುತ್ತಿದ್ದ. ಹೀಗೆ ವಾರ ಕಳೆದರೂ ಗಾಡಿ ಹೇಗೆ ಹೊರಡುತ್ತದೆ, ಹೇಗೆ ನಿಲ್ಲುತ್ತದೆ ಎನ್ನುವುದು ಅವರಿಗೆ ಗೊತ್ತಾಗಲಿಲ್ಲ. ಅದು ತಮ್ಮ ಕೆಲಸ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಶುಕ್ರವಾರ ಸಂಜೆ ಅವ್ವನ ಎದುರು ನಿಂತರು. ನನಗೆ ಕರೆ ಬಂತು. ಪಂಚಾಂಗ ತೆಗೆದು ಓದಿದೆ: ಭಾನುವಾರ ಪಶ್ಚಿಮಕ್ಕೆ ವಾರಶೂಲೆ. ಆ ದಿನ ಪಡುವಣ ದಿಕ್ಕಿಗೆ ಪ್ರಯಾಣ ಕೂಡದು. ಹಳೇಬೀಡಿರುವುದು ಪಡುವಣಕ್ಕೇ. ಷಡಕ್ಷರಪ್ಪನವರ ಮುಖ ಬಾಡಿತು.

ಗುರುಸಿದ್ದಮ್ಮನವರು ಮಗನನ್ನು ನೋಡಿದರು. "ಪರಸ್ಥಾನ ಇಟ್ಕಂಡು ಹೋಗಿ ಬಾ," ಎಂದರು.

"ಮತ್ತೆ ಗಾಡಿ ತಗಳೋದು ಅವ್ವ?"

"ಅದನ್ನ ನೀನು ನೋಡ್ಕ."

"ಆಮ್ಯಾಲೆ ಹೇಳ್ತಾರಂತೆ," ಎಂದು ಷಡಕ್ಷರಪ್ಪನವರು ನನಗೆ ಪಿಸುಗುಟ್ಟಿದರು. ಅವ್ವ ಹೇಳಿದ್ದು ಅದಲ್ಲ ಎಂದು ನನಗನ್ನಿಸಿತು. ಆದರೆ ತಾಯಿ ಮಗನ ನಡುವೆ ಬಾಡಿಗೆದಾರನಿಗೇನು ಕೆಲಸ?

ಪರಸ್ಥಾನವೆಂದರೆ ನಮ್ಮ ಹಿರಿಯರು ಶೂಲೆಗೆ ಹಾಕಿದ ಟೋಪಿ. ಹೋಗಬೇಕಾದ ದಿನ ದಿಕ್ಕು ಸರಿಯಿಲ್ಲದಿದ್ದರೆ, ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಒಂದು ಸಾಮಾನನ್ನು ಆ ದಿಕ್ಕಿನ ಯಾರ ಮನೆಯಲ್ಲಾದರೂ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಮರುದಿನ ಮನುಷ್ಯ ಹಿಂದಿನಿಂದ ಹೋಗಿ ಸಾಮಾನನ್ನು ಕೂಡಿಕೊಂಡರೆ ದೋಷವಿಲ್ಲ. ಸಾಮಾನ್ಯವಾಗಿ ಹೆಗಲ ಮೇಲಿನ ವಲ್ಲಿಯನ್ನೋ ತೆಂಗಿನಕಾಯಿಯನ್ನೋ ಪಕ್ಕದ ಮನೆಯಲ್ಲಿಟ್ಟು ಮುಗಿಸುತ್ತಾರೆ. ನಮ್ಮ ಕೋಣೆಗಳು ಅವರ ಮನೆಯ ಪಡುವಣಕ್ಕೇ ಇದ್ದವು. "ವಲ್ಲಿ ಕೊಡಿ, ನಮ್ಮನೇಲಿ ಇಟ್ಕೋತೀನಿ," ಎಂದು ನಾನೇ ಕೇಳಿದೆ. "ಅದೆಲ್ಲ ನಾನು ಯೋಚ್ನೆ ಮಾಡಿವ್ನಿ ಮೇಷ್ಟ್ರೇ," ಎಂದು ನಕ್ಕರು. ಷಡಕ್ಷರಪ್ಪನವರು ಸ್ವಂತ ಯೋಚನೆ ಮಾಡಿದ್ದಾರೆ ಎಂದರೆ ಯಾರಿಗೂ ಹೆದರಿಕೆಯಾಗಬೇಕಿತ್ತು. ನನಗೆ ಸಂತೋಷವಾಯಿತು.

ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಮುಂದೆ ರ‍್ಯಾಲಿ ಸೇರಿತು. ತಿಪಟೂರಿನ ಡಾಕ್ಟರೊಬ್ಬರು ಆ ಬಿಸಿಲಲ್ಲೂ ಚರ್ಮದ ಕೋಟು ಹಾಕಿ ಬೆವರುತ್ತಿದ್ದರು. ಹಾಸನದ ಟಿಂಬರ್ ಡಿಪೋದವರು ಕಣ್ಣಿಗೆ ಕಟ್ಟಿಕೊಂಡಿದ್ದ ಕನ್ನಡಕದಿಂದ ಯಾರ ಗುರುತೂ ಹತ್ತದೆ ಎಲ್ಲರಿಗೂ ನಮಸ್ಕಾರ ಹಾಕುತ್ತಿದ್ದರು. ಪುರಸಭೆಯ ಅಧ್ಯಕ್ಷರು ಈ ಕಾಲದಲ್ಲಿ ವೇಗದ ಮಹತ್ವ ಕುರಿತು ಬಹಳ ನಿಧಾನವಾಗಿ, ಬಹಳ ಹೊತ್ತು ಮಾತಾಡಿ ಬಾವುಟ ಬೀಸಿದರು. ಎಲ್ಲ ಗಾಡಿಗಳೂ ಗುಡುಗಿದವು. ಷಡಕ್ಷರಪ್ಪನವರದು ಮಾತ್ರ ಸುಮ್ಮನೆ ನಿಂತಿತ್ತು.

ವರ್ಕ್‌ಶಾಪಿನವನು ಅಂದು ರಜ. ಗಾಡಿ ತಳ್ಳಿಕೊಂಡು ಯಜಮಾನರನ್ನು ಕಳಿಸಿಕೊಡಲು ಬಂದಿದ್ದ ಹಮಾಲರೆಲ್ಲ ಸರದಿಯ ಮೇಲೆ ಗಾಡಿಯನ್ನು ಒದ್ದರು. ಟಿಂಬರ್ ಡಿಪೋದವರು ಒದ್ದರು. ಡಾಕ್ಟರು ಕೋಟು ಬಿಚ್ಚಿ ಒದ್ದರು. ಅಧ್ಯಕ್ಷರೂ ಪಂಚೆ ಎತ್ತಿ ಕಟ್ಟಿ ಒಂದು ಒದೆ ಕೊಟ್ಟರು. ಕೊನೆಗೆ ಪಾರ್ಥಸಾರಥಿ, ಗೆಳೆಯನ ಗಾಡಿಯ ಹಿಂದೆ ಕುಳಿತಿದ್ದವನು, ಇಳಿದು ಬಂದು ಬಗ್ಗಿ ನೋಡಿದ.

"ಕೀ ಎಲ್ಲಿ ಸ್ವಾಮಿ?"

"ಹಳೇಬೀಡಲ್ಲೈತೆ," ಎಂದರು ಷಡಕ್ಷರಪ್ಪನವರು.

ಅವರೇ ವಿವರಿಸಿದರು. ವಲ್ಲಿ ಇಟ್ಟರೆ ತಮಗೊಬ್ಬರಿಗೆ ಪರಸ್ಥಾನವಾಗುತ್ತದೆ. ಪ್ರಯಾಣ ಮಾಡುವುದು ಗಾಡಿಯಲ್ಲವೇ? ಗಾಡಿಯದೂ ಒಂದು ಸಾಮಾನು ಹೋಗಬೇಕಲ್ಲವೇ? ಆದ್ದರಿಂದ ಶನಿವಾರ ಅಮೃತಗಳಿಗೆ ನೋಡಿ, ಕೀಯನ್ನು ಹಳದಿ ಬಟ್ಟೆಯಲ್ಲಿ ಅಕ್ಕಿ, ಎಲೆ ಅಡಿಕೆಯ ಜೊತೆ ಕಟ್ಟಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಳೇಬೀಡಿನ ಚಿಕ್ಕವ್ವನ ಮನೆಗೆ ಕಳಿಸಿದ್ದರು. ಚಿಕ್ಕವ್ವ ಎಂದರೆ ಗುರುಸಿದ್ದಮ್ಮನವರ ತಂಗಿ ರುದ್ರಮ್ಮ.

"ಕೀ ಇಲ್ದೆ ಗಾಡಿ ಹೊರಡಲ್ಲ ಅಂತ ಗೊತ್ತಿರ್ಲಿಲ್ವೇ?" ಎಂದ ಪಾರ್ಥಸಾರಥಿ.

"ಟ್ರಂಕಿಗೂ ಕೀ ಐತೆ, ಬೀರುಗೂ ಕೀ ಐತೆ. ಕಳ್ರು ಬರಬಾರ್ದು ಅಂತ ಮಡಗ್ತಾರೆ. ಇದೂ ಹಂಗೇ ಅಂದ್ಕಂಡೆ," ಎಂದರು.

ನಗು ತಡೆಯಲಾರದೆ ಸವಾರರೆಲ್ಲ ಹೊರಟುಹೋದರು. ಧೂಳು ಇಳಿದ ಮೇಲೆ ನೋಡಿದರೆ ಗುರುಸಿದ್ದಮ್ಮನವರು ಮಗನ ಹಿಂದೆ ನಿಂತಿದ್ದರು. ಕಳಿಸಿಕೊಡಲು ಬಂದಿದ್ದ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನಗಲಿಲ್ಲ. "ಮಂಡಿ ಮುಂದೆ ಖಾಲಿ ಲಾರಿ ನಿಂತೈತೆ. ಅದಕ್ಕೆ ಏರಿಸ್ರಿ. ನಾನೂ ಬತ್ತೀನಿ, ರುದ್ರೀನ ನೋಡಿ ವರ್ಷಾಯ್ತು," ಎಂದರು.

ಹೀಗಾಗಿ ಷಡಕ್ಷರಪ್ಪನವರು ರ‍್ಯಾಲಿಗೆ ಹೊರಟರು. ಅವ್ವ ಡ್ರೈವರ್ ಪಕ್ಕದಲ್ಲಿ. ಹಿಂದೆ ಗಾಡಿಯನ್ನು ನಾರಿನ ಹಗ್ಗದಲ್ಲಿ ನಾಲ್ಕೂ ಕಡೆ ಬಿಗಿದಿದ್ದರು. ಆದರೂ ತಿರುವಿನಲ್ಲಿ ವಾಲುತ್ತಿದ್ದುದರಿಂದ ಷಡಕ್ಷರಪ್ಪನವರು ಅದರ ಮೇಲೆ ಕುಳಿತು ಹ್ಯಾಂಡಲ್ ಹಿಡಿದಿದ್ದರು. ನಾನು ಹಿಂದಿನಿಂದ ಅವರ ಸೊಂಟ ಹಿಡಿದು ನಿಂತಿದ್ದೆ. ಬಾಣಾವರದ ಸ್ವಾಗತ ಸಮಿತಿಯವರು ಹೂವಿನ ಹಾರ ಹಿಡಿದು ರಸ್ತೆಯಲ್ಲಿ ಪೆಚ್ಚಾಗಿ ನಿಂತಿದ್ದರು. ಸವಾರರು ಕೊರಳು ಕೊಡದೆ ರಭಸದಲ್ಲಿ ಹೋಗಿಬಿಟ್ಟಿದ್ದರಂತೆ. ನಮ್ಮ ಲಾರಿಯನ್ನು ತಡೆದು ಎಲ್ಲ ಹಾರಗಳನ್ನೂ ಷಡಕ್ಷರಪ್ಪನವರಿಗೇ ಹಾಕಿದರು.

"ಪ್ರಯಾಣ ಹೆಂಗೈತೆ ಯಜಮಾನ್ರೇ?" ಎಂದು ಕೇಳಿದರು.

"ಏನೂ ತೊಂದ್ರೆ ಇಲ್ಲ. ಗಾಡಿ ಚೆನ್ನಾಗಿ ಓಡ್ತಾ ಐತೆ," ಎಂದರು ಷಡಕ್ಷರಪ್ಪನವರು. ಅದನ್ನು ಅವರು ತಮಾಷೆಗೆ ಹೇಳಲಿಲ್ಲ.

ಹಳೇಬೀಡಿನಲ್ಲಿ ಸವಾರರು ದೇವಸ್ಥಾನದ ಎದುರಿನ ಮರದ ನೆರಳಲ್ಲಿ ಮೊಸರನ್ನ ತಿನ್ನುತ್ತಿದ್ದರು. ಒಳಗೆ ಹೋಗಿ ನೋಡಿದವರು ಯಾರೂ ಇರಲಿಲ್ಲ. ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡುತ್ತದೆ ಎಂದು ಒಬ್ಬೊಬ್ಬರೂ ಒಬ್ಬೊಬ್ಬರನ್ನು ಕೇಳುತ್ತಿದ್ದರು. ಕೇಳಿಸಿಕೊಂಡವನು ಹೇಳಿದ್ದಕ್ಕಿಂತ ಹತ್ತು ಮೈಲಿ ಜಾಸ್ತಿ ಸೇರಿಸಿ ತನ್ನದು ಹೇಳುತ್ತಿದ್ದ. ಒಂದು ಸುತ್ತು ಮುಗಿಯುವ ಹೊತ್ತಿಗೆ ಯಾರ ಗಾಡಿಗೂ ಪೆಟ್ರೋಲೇ ಬೇಡವಾಗಿತ್ತು. ಟಿಂಬರ್ ಡಿಪೋದವರು ದೂರದಿಂದಲೇ ದೊಡ್ಡ ನಂದಿಯನ್ನು ನೋಡಿ, "ಸೀಟು ಅಗಲ ಇದೆ, ಇಬ್ಬರು ಆರಾಮಾಗಿ ಕೂರಬಹುದು," ಎಂದರು. ಹೊಯ್ಸಳರ ಕಲೆಯ ಬಗ್ಗೆ ಅಂದು ಕೇಳಿಬಂದ ಮಾತು ಅದೊಂದೇ. ಚಿಕ್ಕಮಗಳೂರಿನವರು ಬಿಳಿ ಷರಾಯಿ ಹಾಕಿಕೊಂಡು, ಯಾರ ಜೊತೆಯೂ ಸೇರದೆ, ನಮ್ಮ ಲಾರಿಯ ಮೇಲಿನ ಗಾಡಿಯನ್ನೇ ನೋಡುತ್ತಿದ್ದರು.

ರುದ್ರಮ್ಮನವರು ಕೀಯನ್ನು ದೇವರ ಗೂಡಿನಲ್ಲಿಟ್ಟು, ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿದ್ದರು. ಉಂಡಲ್ಲದೆ ಕೊಡುವುದಿಲ್ಲ ಎಂದರು. ಉಂಡೆವು. ಗಾಡಿ ಕೆಳಗಿಳಿಯಿತು. ಪಾರ್ಥಸಾರಥಿ ಸ್ಟಾರ್ಟ್ ಮಾಡಿಕೊಡಲು ಬಂದ.

"ಯಾರೂ ಮುಟ್ಬ್ಯಾಡಿ," ಎಂದರು ಷಡಕ್ಷರಪ್ಪನವರು.

ನಾನು ಆ ಸ್ವರವನ್ನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಕೊರಳಲ್ಲಿದ್ದ ಹಾರಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಕೀ ಹಾಕಿದರು. ಒದ್ದರು. ಗಾಡಿ ಕೆಮ್ಮಿ ಸುಮ್ಮನಾಯಿತು. ಮತ್ತೆ ಒದ್ದರು, ಮತ್ತೆ ಒದ್ದರು, ಬೆವರಿಳಿಯಿತು, ಗಾಡಿ ಗುಡುಗಿತು. ಅವರು ಹತ್ತಿ ಬಸ್ತಿಹಳ್ಳಿಯ ಕಡೆ ಹೊರಟೇಬಿಟ್ಟರು. ಒಬ್ಬರೇ ಹೋದರು. ನಾವೆಲ್ಲ ಆ ದಿಕ್ಕನ್ನೇ ನೋಡುತ್ತ ನಿಂತೆವು. ಗುರುಸಿದ್ದಮ್ಮನವರು ತಂಗಿಯ ಮಾತು ಕೇಳಿಸಿಕೊಳ್ಳದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು.

ಬಸದಿಗಳನ್ನು ಸುತ್ತಿಕೊಂಡು ಅವರು ವಾಪಸು ಬಂದರು. ಈ ಸಲ "ಹಿಡ್ಕಳ್ರೋ" ಎಂದು ಕೂಗಲಿಲ್ಲ. ನಮ್ಮೆದುರು ಬಂದು, ಕಾಲೂರಿ, ತಾವೇ ಆರಿಸಿದರು. "ಕೀ ತಿರುಗಿಸಿದ್ರೆ ನಿಲ್ಲುತ್ತೆ ಮೇಷ್ಟ್ರೇ! ನಾವೇ ನಿಲ್ಲಿಸ್ಬೋದು!" ಎಂದರು. ಮುಖದ ತುಂಬ ಧೂಳು, ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅಷ್ಟು ಚೆಂದದ ಮುಖವನ್ನು ನಾನು ಹಳೇಬೀಡಿನ ಗೋಡೆಯ ಮೇಲೂ ಕಂಡಿಲ್ಲ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಬೆಳಗಿನಿಂದ ನಕ್ಕಿದ್ದ ಸವಾರರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರು "ಇನ್ನು ನೀವು ನಮ್ಮವರು" ಎಂದು ಕೈ ಕುಲುಕಿದರು.

ಪಾರ್ಥಸಾರಥಿ ಗಡಿಯಾರ ನೋಡಿಕೊಂಡ. ಚಿಕ್ಕಮಗಳೂರಿನವರು ಎರಡು ಹೆಜ್ಜೆ ಮುಂದೆ ಬಂದಿದ್ದರು.

"ಏನಂತೀರಿ ಸ್ವಾಮಿ? ಹೂಂ ಅಂದ್ರೆ ಗಾಡಿ ನಿಮ್ಮದು."

ಹೂಂ ಅನ್ನಿ ಮಾರಾಯರೇ, ಒಂದೇ ಅಕ್ಷರ, ಎಂದು ಮನಸ್ಸಿನಲ್ಲೇ ಕೂಗಿದೆ. ಷಡಕ್ಷರಪ್ಪನವರು ಬಾಯಿ ತೆರೆದರು. ಆಮೇಲೆ ಅವರ ಕತ್ತು ತಾನಾಗಿ ಅವ್ವನ ಕಡೆ ತಿರುಗಿತು.

"ಏನ್ ಮಾಡ್ಲಿ ಅವ್ವ?"

ಗುರುಸಿದ್ದಮ್ಮನವರು ಸೆರಗನ್ನು ಬಿಟ್ಟರು. "ಷಡಕ್ಷರಿ," ಎಂದರು ಮೆಲ್ಲಗೆ. "ನಂಗೆ ಮೋಟಾರ್ ಸೈಕಲ್ ಬಗ್ಗೆ ಏನ್ ಗೊತ್ತಪ್ಪ? ಕೊಬ್ಬರಿ ಬಗ್ಗೆ ತಾನೆ ಏನ್ ಗೊತ್ತಿತ್ತು? ನೀನು ಬಂದು ನಿಂತ್ಕಂತಿದ್ದೆ. ಏನಾದ್ರೂ ಹೇಳ್ಬೇಕಲ್ಲ ಅಂತ ಪಂಚಾಂಗ ತೆಗೆಸ್ತಿದ್ದೆ. ಇವತ್ತು ಕೇಳ್ದೆ ಮಾಡ್ತಾನೆ, ನಾಳೆ ಕೇಳ್ದೆ ಮಾಡ್ತಾನೆ ಅಂತ ಇಷ್ಟು ವರ್ಷ ಕಾದೆ ಕಣಪ್ಪ. ನಾನು ಸಾಯೋದ್ರೊಳಗೆ ಒಂದು ಸಲನಾದ್ರೂ ನನ್ನ ಕೇಳ್ದೆ ಏನಾದ್ರೂ ಮಾಡು. ಅಷ್ಟು ನೋಡ್ಬೇಕು ನಂಗೆ."

ಷಡಕ್ಷರಪ್ಪನವರು ಅವ್ವನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಆ ಮಾತು ಅವರ ಒಳಕ್ಕೆ ಇಳಿಯಿತು ಎಂದು ನನಗೆ ಖಂಡಿತವಾಗಿ ಅನ್ನಿಸಿತು. ತಲೆ ಆಡಿಸಿದರು, ಕಣ್ಣೊರೆಸಿಕೊಂಡರು.

"ಹಂಗಾದ್ರೆ ತಗಳ್ಲೇನವ್ವ?" ಎಂದರು.

ಗುರುಸಿದ್ದಮ್ಮನವರು ತಂಗಿಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಬಾಗದಿದ್ದ ಬೆನ್ನು ಅಂದು ಸ್ವಲ್ಪ ಬಾಗಿದ ಹಾಗೆ ನನಗೆ ಕಂಡಿತು. ಷಡಕ್ಷರಪ್ಪನವರು ಉತ್ತರಕ್ಕಾಗಿ ಕಾದರು. ಪಾರ್ಥಸಾರಥಿಯೂ ಪಾಪ ಸ್ವಲ್ಪ ಹೊತ್ತು ಕಾದ. ಆಮೇಲೆ ಕೈ ಚಾಚಿದ. ಷಡಕ್ಷರಪ್ಪನವರು ಕೀಯ ಮೇಲಿದ್ದ ವಿಭೂತಿಯನ್ನು ಪಂಚೆಯ ತುದಿಯಿಂದ ಒರೆಸಿ ಅವನ ಕೈಗೆ ಕೊಟ್ಟರು. ಚಿಕ್ಕಮಗಳೂರಿನವರು ಯಾರನ್ನೂ ಕೇಳಲಿಲ್ಲ. ಒದ್ದರು, ಹೋದರು.

ಲಾರಿ ಆಗಲೇ ಹೊರಟುಹೋಗಿದ್ದರಿಂದ ಬಸ್ಸಿನಲ್ಲಿ ಅರಸೀಕೆರೆಗೆ ವಾಪಸಾದೆವು. ಗುರುಸಿದ್ದಮ್ಮನವರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಹಿಂದೆ ನಾನು, ನನ್ನ ಪಕ್ಕ ಷಡಕ್ಷರಪ್ಪನವರು. ಜಾವಗಲ್ಲಿನ ತನಕ ಅವರು ಅವ್ವನ ತಲೆಯನ್ನೇ ನೋಡುತ್ತ ಕುಳಿತಿದ್ದರು. ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾರೆ, ಬೇಯಲಿ, ಈಗಲಾದರೂ ಒಂದು ದಾರಿ ಕಂಡೀತು ಎಂದುಕೊಂಡೆ. ಜಾವಗಲ್ಲು ದಾಟಿದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. ದನಿಯಲ್ಲಿ ನಿಜವಾದ ಕಷ್ಟವಿತ್ತು.

"ಮೇಷ್ಟ್ರೇ, ನೀವು ಓದಿದೋರು, ನೀವೇ ಹೇಳಿ. ಅವ್ವ ಅಂದಿದ್ದು ಹೂಂ ಅಂತಲೋ, ಬ್ಯಾಡ ಅಂತಲೋ?"